ಹನ್ನೆರಡು ವೋಲ್ಟಿಗೂ ಒಂದು ಮರ್ಯಾದೆ

‘ಬರಿಯ ಹನ್ನೆರಡು ವೋಲ್ಟ್ ತಾನೇ, ಅದೇನು ಮಾಡೀತು?’ ಎಂಬ ಮಾತನ್ನು ಕಾರಿನ ಬಗ್ಗೆ ಒಲವಿರುವ ತರುಣರ ಬಾಯಲ್ಲಿ ಮೇಲಿಂದ ಮೇಲೆ ಕೇಳುತ್ತಿರುತ್ತೇನೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಒಣಗಿದ ಕೈಯಿಂದ ಕಾರಿನ ಬ್ಯಾಟರಿಯ ಎರಡು ಧ್ರುವಗಳನ್ನು ಮುಟ್ಟಿದರೆ ನಮಗೆ ಏನೂ ತಿಳಿಯುವುದಿಲ್ಲ. ಒಣ ಚರ್ಮದ ರೋಧ ಸಾವಿರಾರು ಓಮ್‌ಗಳಷ್ಟು ಇರುವುದರಿಂದ, 12 ವೋಲ್ಟಿನ ಒತ್ತಡಕ್ಕೆ ಅದರ ಮೂಲಕ ಹರಿಯುವ ಪ್ರವಾಹ ಗಮನಕ್ಕೇ ಬಾರದಷ್ಟು ಅಲ್ಪ. ಆದರೆ ಅದೇ ಎರಡು ಧ್ರುವಗಳ ನಡುವೆ ಒಂದು ಸ್ಪ್ಯಾನರ್ ಬಿದ್ದರೆ ಕಥೆ ಬೇರೆಯಾಗುತ್ತದೆ. ಸ್ಪ್ಯಾನರಿನ ರೋಧವನ್ನೂ ಬ್ಯಾಟರಿಯ ಒಳರೋಧವನ್ನೂ ಕೂಡಿದರೂ ಅದು ಒಂದು ಓಮ್‌ನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. 12ನ್ನು 0.01ರಿಂದ ಭಾಗಿಸಿ ನೋಡಿ. 1200 ಆಂಪಿಯರ್! ಬ್ಯಾಟರಿ ಸಣ್ಣದೋ ಹಳೆಯದೋ ಆದರೆ ಅದರ ಅರ್ಧ ಎಂದಿಟ್ಟುಕೊಳ್ಳಿ. ಆ ಪ್ರವಾಹವೂ ಉಕ್ಕನ್ನು ಕೆಂಪಗೆ ಕಾಯಿಸಬಲ್ಲದು.

ಮೈಗೆ ತಾಗದ ವಿದ್ಯುತ್ತು ತಂತಿಗೆ ತಾಗುತ್ತದೆ. ಕಾರಿನೊಳಗೆ ಸಂಗೀತ ಕೇಳಲೆಂದು ಆಂಪ್ಲಿಫೈಯರ್ ಹಾಕಿಸಿಕೊಳ್ಳುವವರೆಲ್ಲ ಮೊದಲು ಮನನ ಮಾಡಬೇಕಾದ ಪಾಠ ಇದೇ. ಹೈಸ್ಕೂಲಿನಲ್ಲಿ ಮೂರು ದಶಕಗಳ ಕಾಲ ವಿಜ್ಞಾನ, ಗಣಿತ ಪಾಠ ಮಾಡಿದ ನನಗೂ ಕಾರಿನ ಸಂಗೀತಕ್ಕೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಆ ಸಂಬಂಧವನ್ನು ತಂದುಕೊಟ್ಟವನು ನನ್ನ ತಂಗಿಯ ಮಗ.

ಅವನು ಕಳೆದ ವರ್ಷ ಒಂದು ಹಳೆಯ ಕಾರನ್ನು ಕೊಂಡ. ಹಿಂದಿನ ಮಾಲೀಕರು ಅದರ ಡಿಕ್ಕಿಯಲ್ಲಿ ದೊಡ್ಡದೊಂದು ಸ್ಪೀಕರ್ ಪೆಟ್ಟಿಗೆಯನ್ನೂ ಆಂಪ್ಲಿಫೈಯರನ್ನೂ ಹಾಕಿಸಿದ್ದರು. ಕೊಳ್ಳುವವನಿಗೆ ಅದೇ ದೊಡ್ಡ ಆಕರ್ಷಣೆ. ರಜೆಗೆಂದು ನಮ್ಮ ಮನೆಗೆ ಬಂದಾಗ ಅವನದೊಂದು ದೂರು ಇತ್ತು. ‘ಮಾವ, ಸ್ವಲ್ಪ ಜೋರಾಗಿ ಹಾಕಿದರೆ ಹಾಡು ನಡುನಡುವೆ ಕಡಿದುಹೋಗುತ್ತದೆ. ಹಿಂದಿನ ಸೀಟಿನ ಹತ್ತಿರ ಕಾಲಿಟ್ಟರೆ ನೆಲಹಾಸು ಬೆಚ್ಚಗಿರುತ್ತದೆ. ಸ್ನೇಹಿತರು ಒಂದು ದೊಡ್ಡ ಕೆಪಾಸಿಟರ್ ಹಾಕಿಸು ಅನ್ನುತ್ತಾರೆ. ನೀವೇನು ಹೇಳುತ್ತೀರಿ?’ ಎಂದ. ಹಾಡು ಕಡಿದುಹೋಗುವುದು ಅವನ ಚಿಂತೆ. ಬೆಚ್ಚಗಾದ ನೆಲಹಾಸು ನನ್ನ ಚಿಂತೆಯಾಯಿತು. ಆ ಹಿಂದಿನ ಸೀಟಿನಲ್ಲಿ ಕೂರುವವರು ನನ್ನ ತಂಗಿ ಮತ್ತು ಅವಳ ನಾಲ್ಕು ವರ್ಷದ ಮೊಮ್ಮಗಳು.

ನಮ್ಮ ತಾಲ್ಲೂಕು ಕೇಂದ್ರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವಾಹನಗಳ ಎಲೆಕ್ಟ್ರಿಕಲ್ ಕೆಲಸದ ಅಂಗಡಿ ಇಟ್ಟಿದ್ದಾನೆ. ಎಸ್.ಎಸ್.ಎಲ್.ಸಿ. ನಂತರ ಐ.ಟಿ.ಐ. ಮಾಡಿ, ಇಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಅದೇ ಕಸುಬಿನಲ್ಲಿ ಇರುವವನು. ಕಾರನ್ನು ಅಲ್ಲಿಗೆ ಒಯ್ದೆವು. ‘ಬನ್ನಿ ಸರ್’ ಎಂದು ಕುರ್ಚಿ ಹಾಕಿ ಕೂರಿಸಿದವನು ನಮ್ಮ ದೂರನ್ನೆಲ್ಲ ಸಾವಧಾನವಾಗಿ ಕೇಳಿದ. ಆಮೇಲೆ ಅವನು ತೆಗೆದದ್ದು ಸ್ಕ್ರೂಡ್ರೈವರ್ ಅಲ್ಲ, ಮಲ್ಟಿಮೀಟರ್. ಎಂಜಿನ್ ಚಾಲೂ ಮಾಡಿಸಿ, ಹಾಡು ಹಾಕಿಸಿ, ಬ್ಯಾಟರಿಯ ಧ್ರುವಗಳ ನಡುವೆ ಅಳೆದ: 13.9 ವೋಲ್ಟ್. ಡಿಕ್ಕಿಗೆ ಹೋಗಿ ಆಂಪ್ಲಿಫೈಯರಿನ ತುದಿಗಳಲ್ಲಿ ಅಳೆದ: 12.6 ವೋಲ್ಟ್. ‘ಸರ್, ಒಂದೂಕಾಲು ವೋಲ್ಟಿಗಿಂತ ಹೆಚ್ಚು ದಾರಿಯಲ್ಲೇ ಸೋರಿಹೋಗುತ್ತಿದೆ. ಸೋರಿದ್ದೆಲ್ಲ ಶಾಖ’ ಎಂದ. ಕೆಪಾಸಿಟರಿನ ಪ್ರಸ್ತಾಪ ಅಲ್ಲಿಗೆ ಮುಗಿಯಿತು. ತೂತಾದ ಕೊಡಕ್ಕೆ ಇನ್ನೊಂದು ಬಿಂದಿಗೆ ನೀರು ಸುರಿದರೆ ಪ್ರಯೋಜನವೇನು?

ಇಲ್ಲಿ ಲೆಕ್ಕವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ವಿದ್ಯಾರ್ಥಿಗಳಾಗಿದ್ದವರು ಸಹಿಸಿಕೊಳ್ಳುವಿರೆಂದು ನಂಬಿದ್ದೇನೆ.

ಮನೆಯಲ್ಲಿ 1000 ವಾಟಿನ ಇಸ್ತ್ರಿಪೆಟ್ಟಿಗೆ ಇದೆ ಎನ್ನಿ. ಅದು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಪ್ರವಾಹವನ್ನಷ್ಟೇ ಎಳೆಯುತ್ತದೆ. ಆದ್ದರಿಂದಲೇ ಅದರ ತಂತಿ ಅಷ್ಟು ಸಪೂರ. ಅದೇ 1000 ವಾಟನ್ನು ಕಾರಿನ 13.8 ವೋಲ್ಟಿನಿಂದ ಪಡೆಯಬೇಕಾದರೆ 72 ಆಂಪಿಯರ್ ಬೇಕು. ಶಕ್ತಿ ಅಷ್ಟೇ, ಪ್ರವಾಹ ಮಾತ್ರ ಹದಿನಾರು ಪಟ್ಟಿಗಿಂತ ಹೆಚ್ಚು. ತಂತಿಯಲ್ಲಿ ಹುಟ್ಟುವ ಶಾಖವೋ ಪ್ರವಾಹದ ವರ್ಗಕ್ಕೆ ಅನುಗುಣವಾಗಿರುತ್ತದೆ. ಮ್ಯಾಂಚೆಸ್ಟರ್ ಸೀಮೆಯ ಜೇಮ್ಸ್ ಜೂಲ್ ತನ್ನ ಪ್ರಯೋಗಗಳಿಂದ ಇದನ್ನು ಕಂಡುಕೊಂಡು 1841ರಲ್ಲಿ ಪ್ರಕಟಿಸಿದ. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ನಮ್ಮ ನಾಡಿನವರಿಗೆ ಈ ನಿಯಮ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಒಯ್ದಾಗ, ಅದನ್ನು ಬಹಳ ಎತ್ತರದ ವೋಲ್ಟಿಗೆ ಏರಿಸಿ ಕಳುಹಿಸಿದ್ದು ಇದೇ ಕಾರಣಕ್ಕೆ. ವೋಲ್ಟೇಜ್ ಏರಿದರೆ ಅದೇ ಶಕ್ತಿಗೆ ಪ್ರವಾಹ ಕಡಿಮೆ ಸಾಕು, ತಂತಿಯಲ್ಲಿ ನಷ್ಟವೂ ಕಡಿಮೆ. ಕಾರಿನಲ್ಲಿ ಈ ಅನುಕೂಲ ಇಲ್ಲ. ವೋಲ್ಟೇಜ್ ಹನ್ನೆರಡಕ್ಕೆ ಕಟ್ಟುಬಿದ್ದಿದೆ. ಆದ್ದರಿಂದ ಉಳಿದಿರುವ ದಾರಿ ಒಂದೇ: ತಂತಿಯನ್ನು ದಪ್ಪ ಮಾಡುವುದು, ಉದ್ದವನ್ನು ಕಡಿಮೆ ಮಾಡುವುದು.

ಇನ್ನು ಆಂಪ್ಲಿಫೈಯರಿಗೆ ಎಷ್ಟು ಪ್ರವಾಹ ಬೇಕು? ಅಳಿಯನ ಆಂಪ್ಲಿಫೈಯರಿನ ಮೇಲೆ ‘2000 ವಾಟ್’ ಎಂದು ದೊಡ್ಡ ಅಕ್ಷರಗಳಲ್ಲಿ ಇತ್ತು. ನನ್ನ ವಿದ್ಯಾರ್ಥಿ ಅದರ ಕಡೆ ನೋಡಲೂ ಇಲ್ಲ. ಆಂಪ್ಲಿಫೈಯರಿನ ಬದಿಯಲ್ಲಿ ಸಿಕ್ಕಿಸಿದ್ದ ಎರಡು ಫ್ಯೂಸುಗಳನ್ನು ತೋರಿಸಿದ. ಒಂದೊಂದೂ 30 ಆಂಪಿಯರಿನವು. ‘ಇವೆರಡನ್ನು ಕೂಡಿಸಿ ಸರ್. ಅರವತ್ತು. ಇದಕ್ಕಿಂತ ಹೆಚ್ಚನ್ನು ಇದು ಬಹಳ ಹೊತ್ತು ಎಳೆಯಲಾರದು’ ಎಂದ. 60 ಆಂಪಿಯರನ್ನು 13.8 ವೋಲ್ಟಿನಿಂದ ಗುಣಿಸಿದರೆ 828 ವಾಟ್. ಒಳಗೆ ಹೋಗುವುದೇ ಇಷ್ಟಾದರೆ 2000 ವಾಟ್ ಹೊರಗೆ ಬರುವುದೆಲ್ಲಿಂದ? ಒಳಹೋದದ್ದರಲ್ಲೂ ಒಂದು ಪಾಲು ಆಂಪ್ಲಿಫೈಯರಿನಲ್ಲೇ ಶಾಖವಾಗುತ್ತದೆ. ಹಳೆಯ ‘ಎ-ಬಿ’ ವರ್ಗದವುಗಳಲ್ಲಿ ಸುಮಾರು ಅರ್ಧದಷ್ಟೂ, ‘ಡಿ’ ವರ್ಗದವುಗಳಲ್ಲಿ ಸುಮಾರು ಐದನೆಯ ಒಂದು ಭಾಗವೂ ಹೀಗೆ ಹೋಗುತ್ತದೆ. ಹೊರಗಿನ ಅಕ್ಷರವನ್ನು ಓದುವ ಬದಲು ಬದಿಯ ಫ್ಯೂಸನ್ನು ಓದುವ ಈ ಉಪಾಯ ನನಗೆ ಬಹಳ ಹಿಡಿಸಿತು. ತಂತಿಯ ಲೆಕ್ಕವೂ ಇಲ್ಲಿಂದಲೇ ಶುರುವಾಗಬೇಕು.

ಬ್ಯಾಟರಿಯಿಂದ ಡಿಕ್ಕಿಗೆ ತಂತಿಯ ದಾರಿ ಸುಮಾರು 5 ಮೀಟರ್. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತವುಳ್ಳ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.0172 ಓಮ್. ಮನೆಯ ಪ್ಲಗ್ಗುಗಳಿಗೆ ಬಳಸುವ 2.5 ಚದರ ಮಿಲಿಮೀಟರಿನ ತಂತಿಯನ್ನು ಇಲ್ಲಿ ಹಾಕಿದರೆ 5 ಮೀಟರಿಗೆ 0.0344 ಓಮ್. ಅದರಲ್ಲಿ 60 ಆಂಪಿಯರ್ ಹರಿದರೆ ಎರಡು ವೋಲ್ಟ್ ನಷ್ಟ, 124 ವಾಟ್ ಶಾಖ. ಅದೇ 25 ಚದರ ಮಿಲಿಮೀಟರಿನ ತಂತಿಯಾದರೆ 0.2 ವೋಲ್ಟ್ ನಷ್ಟ, 12 ವಾಟಿನಷ್ಟು ಶಾಖ. ಇದು ಐದು ಮೀಟರಿಗೆ ಹಂಚಿಹೋಗುವುದರಿಂದ ತಂತಿ ಮುಟ್ಟಿದರೂ ಬಿಸಿ ತಿಳಿಯದು. ಹಾಡಿನಲ್ಲಿ ಪ್ರವಾಹ ಏರಿಳಿಯುತ್ತಿರುತ್ತದೆ, ಸದಾ 60 ಇರುವುದಿಲ್ಲ, ನಿಜ. ಆದರೆ ಸೇತುವೆ ಕಟ್ಟುವವನು ಖಾಲಿ ಗಾಡಿಯನ್ನು ನೆನೆದು ಕಟ್ಟುವುದಿಲ್ಲ.

ಅಳಿಯನ ಕಾರಿನಲ್ಲಿ ಇದ್ದ ತಂತಿ ನೋಟಕ್ಕೆ ಕಿರುಬೆರಳಿನಷ್ಟು ದಪ್ಪವಾಗಿಯೇ ಇತ್ತು. ತುದಿಯನ್ನು ಕತ್ತರಿಸಿ ತೋರಿಸಿದಾಗ ದಪ್ಪವೆಲ್ಲ ಪ್ಲಾಸ್ಟಿಕ್ಕಿನದು. ಒಳಗಿನ ಲೋಹ ಆರು ಚದರ ಮಿಲಿಮೀಟರ್ ಇದ್ದೀತು. ಅದರ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದ. ತಾಮ್ರದ ಬಣ್ಣ ಮೇಲುಮೇಲೆ ಹೋಗಿ ಒಳಗೆ ಬೆಳ್ಳಗೆ ಕಂಡಿತು. ತಾಮ್ರದ ತೆಳು ಹೊದಿಕೆಯ ಅಲ್ಯೂಮಿನಿಯಂ! ಅಲ್ಯೂಮಿನಿಯಮ್ಮಿನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು. ಲೆಕ್ಕ ಹಾಕಿದರೆ ಪೂರ್ಣ ಹೊರೆ ಬಿದ್ದಾಗ ಆ ತಂತಿಯೊಳಗೆ 80 ವಾಟಿನಷ್ಟು ಶಾಖ. ಅಂದರೆ ರೇಡಿಯೋ ರಿಪೇರಿಯವರ 25 ವಾಟಿನ ಮೂರು ಬೆಸುಗೆ ಕಡ್ಡಿಗಳನ್ನು ಉರಿಸಿ ನೆಲಹಾಸಿನ ಕೆಳಗೆ ಇಟ್ಟ ಹಾಗೆ. ಅದು ಐದು ಮೀಟರಿಗೆ ಹರಡಿದ್ದರಿಂದ ಬರಿಯ ಬೆಚ್ಚಗಾಗಿತ್ತು. ಎಲ್ಲಾದರೂ ಒಂದೆಡೆ ಸಡಿಲ ಜೋಡಣೆಯಿದ್ದು ಶಾಖವೆಲ್ಲ ಅಲ್ಲೇ ಒಟ್ಟುಗೂಡಿದ್ದರೆ ಬೇರೆ ಮಾತು. (ಒಂದು ಎಚ್ಚರಿಕೆ: ತವರ ಲೇಪಿಸಿದ ಒಳ್ಳೆಯ ತಾಮ್ರದ ತಂತಿಯೂ ಹೊರಗೆ ಬೆಳ್ಳಗಿರುತ್ತದೆ. ಆದ್ದರಿಂದ ಕೆರೆದು ಒಳಗಿನ ಬಣ್ಣ ನೋಡಿಯೇ ತೀರ್ಮಾನಿಸಬೇಕು.)

ಇಷ್ಟಾದರೂ ಇದು ಸಣ್ಣ ದೋಷ. ದೊಡ್ಡದು ಬಾನೆಟ್ಟಿನ ಕೆಳಗೆ ಕಾದಿತ್ತು.

ಎಂಜಿನ್ ಇರುವ ಕಡೆಗೂ ನಾವು ಕೂರುವ ಕಡೆಗೂ ನಡುವೆ ತಗಡಿನ ಗೋಡೆಯೊಂದಿರುತ್ತದೆ. ಆ ಗೋಡೆಯಲ್ಲಿ ರಂಧ್ರ ಕೊರೆದು ತಂತಿಯನ್ನು ಒಳಗೆ ತಂದಿದ್ದರು. ರಂಧ್ರದ ಬಾಯಿಗೆ ರಬ್ಬರ್ ಬುಷ್ ಇರಲಿಲ್ಲ. ಕಾರು ಓಡುವಾಗಲೆಲ್ಲ ತಗಡಿನ ಚೂಪು ಅಂಚು ತಂತಿಯ ಮೇಲೆ ಗರಗಸದಂತೆ ಆಡುತ್ತ ಆಡುತ್ತ, ಮೇಲಿನ ಪ್ಲಾಸ್ಟಿಕ್ಕನ್ನು ಕಾಗದದಷ್ಟು ತೆಳುವಾಗಿ ಸವೆಸಿತ್ತು. ಒಂದು ಕಡೆ ಲೋಹ ಇಣುಕುವುದಷ್ಟೇ ಬಾಕಿ. ಕಾರಿನ ಬಾಡಿಯೆಲ್ಲವೂ ಬ್ಯಾಟರಿಯ ಋಣ ಧ್ರುವಕ್ಕೆ ಸೇರಿದ್ದು. ಧನ ಧ್ರುವದ ತಂತಿ ಅದಕ್ಕೆ ತಾಗಿದ ಕ್ಷಣ, ಮೊದಲು ಹೇಳಿದ ಸ್ಪ್ಯಾನರಿನ ಲೆಕ್ಕವೇ. ನೂರಾರು ಆಂಪಿಯರ್.

‘ಫ್ಯೂಸ್ ಇದೆಯಲ್ಲ?’ ಎಂದು ಅಳಿಯ ಕೇಳಿದ. ಇತ್ತು, ಡಿಕ್ಕಿಯಲ್ಲಿ, ಆಂಪ್ಲಿಫೈಯರಿನ ಪಕ್ಕದಲ್ಲಿ. ಆಗ ನನ್ನ ವಿದ್ಯಾರ್ಥಿ ಹೇಳಿದ ಮಾತನ್ನು ಎಷ್ಟು ಸಲ ಬರೆದರೂ ಸಾಲದು: ‘ಈ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಉಳಿಸುವುದಕ್ಕಲ್ಲ, ತಂತಿಯನ್ನು ಉಳಿಸುವುದಕ್ಕೆ. ಆಂಪ್ಲಿಫೈಯರಿಗೆ ಅದರದೇ ಫ್ಯೂಸ್ ಇದೆ. ತಂತಿ ಮುಂದುಗಡೆ ಶಾರ್ಟ್ ಆದರೆ ಪ್ರವಾಹ ಬ್ಯಾಟರಿಯಿಂದ ನೇರವಾಗಿ ಬಾಡಿಗೆ ಹೋಗುತ್ತದೆ. ಡಿಕ್ಕಿಯಲ್ಲಿರುವ ಫ್ಯೂಸಿಗೆ ಸುದ್ದಿಯೇ ಹೋಗುವುದಿಲ್ಲ.’

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಗಾದೆ ನೆನಪಾಯಿತು. ಇಲ್ಲಿ ಬಾಗಿಲು ಹಾಕಿಯೇ ಇತ್ತು, ಆದರೆ ಕೋಟೆಯ ಹಿತ್ತಿಲಿಗೆ. ಇನ್ನೂ ಒಂದು ವಿಷಯ ಗಮನಿಸಬೇಕು. ಈ ತಂತಿ ನೇರವಾಗಿ ಬ್ಯಾಟರಿಗೆ ಸೇರಿರುವುದರಿಂದ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದರೂ ಅದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಹೊಗೆ ಕಂಡು ಗಾಬರಿಯಿಂದ ಕೀಲಿ ತೆಗೆದರೂ ಬೆಂಕಿಗೆ ಬೇಕಾದ ಆಹಾರ ನಿಲ್ಲುವುದಿಲ್ಲ. ರಾತ್ರಿ ಮನೆಯ ಮುಂದೆ ನಿಂತ ಕಾರಿಗೂ ಇದೇ ಅಪಾಯ.

ಅವನು ಹೇಳಿದ ಖರ್ಚು ಅಳಿಯನಿಗೆ ಹೆಚ್ಚೆನಿಸಿತು. ‘ರಂಧ್ರಕ್ಕೆ ಒಂದಿಷ್ಟು ಟೇಪ್ ಸುತ್ತಿ, ಫ್ಯೂಸನ್ನು ಮುಂದಕ್ಕೆ ಹಾಕಿಕೊಡಿ ಸಾಕು. ಬೇರೆಯವರು ಇದರ ಅರ್ಧಕ್ಕೆ ಮಾಡುತ್ತಾರೆ’ ಎಂದ. ನನ್ನ ವಿದ್ಯಾರ್ಥಿ ಬೇಸರಿಸಲಿಲ್ಲ. ‘ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮಾಡುವುದಿಲ್ಲ. ಇವತ್ತು ಈ ತಂತಿಯನ್ನು ಬ್ಯಾಟರಿಯಿಂದ ಬಿಚ್ಚಿ ಕೊಡುತ್ತೇನೆ. ಅದಕ್ಕೆ ದುಡ್ಡು ಬೇಡ. ಹಾಡಿಲ್ಲದೆ ಮನೆಗೆ ಹೋಗಿ, ಯೋಚನೆ ಮಾಡಿ ಬನ್ನಿ’ ಎಂದು ಹೇಳಿ, ಹಾಗೆಯೇ ಬಿಚ್ಚಿಯೂ ಕೊಟ್ಟ. ಕೈಗೆ ಬಂದ ಗಿರಾಕಿಯನ್ನು ಹೀಗೆ ಕಳುಹಿಸುವುದಕ್ಕೆ ಧೈರ್ಯ ಬೇಕು. ಎದುರು ಸಾಲಿನಲ್ಲೇ ಅಂಥ ಇನ್ನೆರಡು ಅಂಗಡಿಗಳಿವೆ. ‘ನಿನಗೆ ನಷ್ಟವಾಗುವುದಿಲ್ಲವೇನಯ್ಯ?’ ಎಂದು ಕೇಳಿದೆ. ‘ಆಗುತ್ತದೆ ಸರ್. ರಾತ್ರಿ ನಿದ್ದೆ ಬರುತ್ತದಲ್ಲ’ ಎಂದ.

ಮನೆಗೆ ಬಂದ ಮೇಲೆ ನನ್ನ ತಂಗಿ ಎಲ್ಲವನ್ನೂ ಕೇಳಿಸಿಕೊಂಡಳು. ಓಮ್, ಆಂಪಿಯರ್ ಯಾವುದೂ ಅವಳಿಗೆ ಬೇಕಿರಲಿಲ್ಲ. ‘ಮಗು ಕೂರುವ ಸೀಟಿನ ಕೆಳಗೆ ಹೋಗುವ ತಂತಿ ಅದೇನಾ?’ ಎಂದಷ್ಟೇ ಕೇಳಿದಳು. ಅಳಿಯ ಉತ್ತರ ಕೊಡದೆ ಎದ್ದುಹೋದ. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ನಾವು ಅಲ್ಲಿದ್ದೆವು.

ಕೆಲಸ ನಡೆದ ಕ್ರಮವನ್ನು, ಅದರ ಕಾರಣಗಳ ಸಮೇತ, ಕೆಳಗೆ ಬರೆಯುತ್ತೇನೆ. ಸ್ವತಃ ಮಾಡಿಕೊಳ್ಳುವವರಿಗಿಂತಲೂ ಬೇರೆಯವರಿಂದ ಮಾಡಿಸುವವರು ಇದನ್ನು ತಿಳಿದಿರುವುದು ಮುಖ್ಯ. ಏನನ್ನು ಕೇಳಬೇಕೆಂದು ಬಲ್ಲ ಗಿರಾಕಿಗೆ ಕೆಟ್ಟ ಕೆಲಸ ಮಾಡಿಕೊಡುವುದು ಕಷ್ಟ.

ಮೊದಲಿಗೆ ಅವನು ಕೈಯ ಉಂಗುರವನ್ನೂ ಗಡಿಯಾರವನ್ನೂ ತೆಗೆದಿಟ್ಟ. ಬ್ಯಾಟರಿಯ ಋಣ ಧ್ರುವದ ತಂತಿಯನ್ನು ಮೊದಲು ಬಿಚ್ಚಿದ. ಏಕೆ ಋಣವೇ ಮೊದಲು? ಧನದ ನಟ್ಟನ್ನು ಬಿಚ್ಚುವಾಗ ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಋಣವನ್ನು ಬಿಚ್ಚುವಾಗ ತಾಗಿದರೆ ಏನೂ ಆಗದು, ಏಕೆಂದರೆ ಬಾಡಿಯೂ ಋಣವೇ. ಋಣ ಬಿಚ್ಚಿದ ಮೇಲೆ ಧನವೂ ನಿರಪಾಯ. ಕೆಲಸ ಮುಗಿದಾಗ ಋಣವನ್ನು ಕೊನೆಗೆ ಜೋಡಿಸಬೇಕು. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುವುದರಿಂದ ಅದರ ಹತ್ತಿರ ಕಿಡಿ ಹಾರಿಸುವುದು ಯಾವ ಕಾಲಕ್ಕೂ ಸಲ್ಲದು.

ಅನಂತರ ಫ್ಯೂಸ್. ಬ್ಯಾಟರಿಯ ಧನ ಧ್ರುವಕ್ಕೆ ಸಾಧ್ಯವಾದಷ್ಟು ಹತ್ತಿರ, ತಂತಿಯ ಅಳತೆಯಲ್ಲಿ ಒಂದೂವರೆ ಅಡಿಯೊಳಗೆ, ಮುಚ್ಚಳವಿರುವ ಫ್ಯೂಸ್ ಹೋಲ್ಡರನ್ನು ಅಲುಗಾಡದಂತೆ ಕೂರಿಸಿದ. ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಕಾವಲುಗಾರರಿಲ್ಲ. ಆ ಭಾಗ ಗಿಡ್ಡವಾಗಿದ್ದಷ್ಟೂ ಒಳ್ಳೆಯದು. ಫ್ಯೂಸ್ ಎಷ್ಟರದು? ಆಂಪ್ಲಿಫೈಯರಿನ ಅಗತ್ಯಕ್ಕಿಂತ ಕಡಿಮೆ ಇರಬಾರದು, ತಂತಿಯ ಸಾಮರ್ಥ್ಯಕ್ಕಿಂತ ಹೆಚ್ಚಿರಬಾರದು. ಅಗತ್ಯ 60 ಆಂಪಿಯರ್. ಹಾಕಿದ 25 ಚದರ ಮಿಲಿಮೀಟರಿನ ಅಪ್ಪಟ ತಾಮ್ರದ ತಂತಿ 100 ಆಂಪಿಯರನ್ನು ನಿಶ್ಚಿಂತೆಯಿಂದ ಹೊರುತ್ತದೆ. ನಡುವಿನ 80 ಆಂಪಿಯರಿನ ಫ್ಯೂಸ್ ಹಾಕಿದ. ಫ್ಯೂಸ್ ಮೇಲಿಂದ ಮೇಲೆ ಹಾರುತ್ತದೆಂದು ದೊಡ್ಡ ಫ್ಯೂಸ್ ಹಾಕುವವರಿದ್ದಾರೆ. ತಂತಿಯ ಎಳೆ ಸುತ್ತಿ ಕೂರಿಸುವವರೂ ಇದ್ದಾರೆ. ನಾಯಿ ಬೊಗಳುತ್ತದೆಂದು ಅದರ ಬಾಯಿ ಕಟ್ಟಿ ಮಲಗುವವರ ಜಾತಿಗೆ ಇವರು ಸೇರಿದವರು.

ತಗಡಿನ ಗೋಡೆಯ ರಂಧ್ರಕ್ಕೆ ಅಳತೆಯ ರಬ್ಬರ್ ಬುಷ್ ಕೂರಿಸಿ, ತಂತಿಯ ಮೇಲೆ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಕೊಳವೆ ತೊಡಿಸಿ ಒಳಗೆ ತಂದ. ಹೊಸ ರಂಧ್ರ ಕೊರೆಯಲಿಲ್ಲ. ಕೊರೆಯಲೇಬೇಕಾದಲ್ಲಿ ಆಚೆ ಬದಿಯಲ್ಲಿ ಬ್ರೇಕಿನ ಕೊಳವೆಯೋ ಪೆಟ್ರೋಲಿನ ಕೊಳವೆಯೋ ಇದೆಯೇ ಎಂದು ನೋಡಿಯೇ ಡ್ರಿಲ್ ಹಿಡಿಯಬೇಕು. ಡಿಕ್ಕಿಯಲ್ಲಿ ಸ್ಕ್ರೂ ಹೊಡೆಯುವಾಗಲೂ ಅಷ್ಟೇ, ಕೆಳಗೆ ಪೆಟ್ರೋಲ್ ಟ್ಯಾಂಕ್ ಇರಬಹುದು. ತಂತಿ ಸ್ಟೀರಿಂಗಿನ ದಂಡ, ಪೆಡಲುಗಳು, ಬಿಸಿಯಾಗುವ ಹೊಗೆ ಕೊಳವೆ ಇವುಗಳಿಂದ ದೂರ ಇರಬೇಕು. ಬಾಗಿಲ ಹೊಸ್ತಿಲ ಬದಿಯಲ್ಲಿ ಎಳೆಯುವಾಗ ಹಳದಿ ಹೊದಿಕೆಯ ತಂತಿಗಳು ಕಂಡರೆ ಅವನ್ನು ಮುಟ್ಟಬಾರದು. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು.

ತುದಿಗಳಿಗೆ ತಾಮ್ರದ ಲಗ್ ಹಾಕಿ, ಅದಕ್ಕೆಂದೇ ಇರುವ ಇಕ್ಕಳದಿಂದ ಒತ್ತಿ ಕಚ್ಚಿಸಿದ. ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್. ತಂತಿಯನ್ನು ತಿರುಚಿ ಟೇಪ್ ಸುತ್ತುವ ಪದ್ಧತಿಗೆ ಅವನಲ್ಲಿ ಜಾಗವಿಲ್ಲ. ಬರಿಯ ಬೆಸುಗೆಯನ್ನೂ ಅವನು ಒಪ್ಪುವುದಿಲ್ಲ. ಬೆಸುಗೆ ಎಳೆಗಳ ನಡುವೆ ಇಳಿದು ತಂತಿ ಗಡುಸಾಗುತ್ತದೆ, ಓಡುವ ಗಾಡಿಯ ಅದುರುವಿಕೆಗೆ ಆ ಗಡುಸು ಮುಗಿಯುವ ಜಾಗದಲ್ಲಿ ಎಳೆಗಳು ಒಂದೊಂದಾಗಿ ಮುರಿಯುತ್ತವೆ ಎಂಬುದು ಅವನ ಅನುಭವ. ನೂರಾರು ಸಣ್ಣ ಎಳೆಗಳ ಮೆದು ತಂತಿಯನ್ನೇ ಆರಿಸುವುದೂ ಇದೇ ಕಾರಣಕ್ಕೆ.

ಅರ್ಥ್ ತಂತಿಯನ್ನು ಅನೇಕರು ಅಸಡ್ಡೆಯಿಂದ ಕಾಣುತ್ತಾರೆ. ಹೋದ 60 ಆಂಪಿಯರೂ ಹಿಂದಿರುಗಿ ಬರಲೇಬೇಕು. ಆದ್ದರಿಂದ ಅರ್ಥ್ ತಂತಿಯೂ ಅಷ್ಟೇ ದಪ್ಪವಿರಬೇಕು, ಒಂದೂವರೆ ಅಡಿಗಿಂತ ಉದ್ದವಿರಬಾರದು. ಬಾಡಿಯ ಬಣ್ಣವನ್ನು ಉಜ್ಜಿ ತೆಗೆದು, ಹೊಳೆಯುವ ಲೋಹಕ್ಕೆ ಲಗ್ಗನ್ನು ಬೋಲ್ಟಿನಿಂದ ಬಿಗಿದು, ಆಮೇಲೆ ತುಕ್ಕು ಹಿಡಿಯದಂತೆ ಮೇಲೆ ಬಣ್ಣ ಬಳಿದ. ಸೀಟ್ ಬೆಲ್ಟಿನ ಬೋಲ್ಟನ್ನು ಇದಕ್ಕೆ ಬಳಸಕೂಡದು. ಅದು ಜೀವ ಉಳಿಸುವ ಬೋಲ್ಟ್, ಅದನ್ನು ಸಡಿಲಿಸುವ ಅಧಿಕಾರ ಹಾಡಿಗಿಲ್ಲ.

ಸ್ಟೀರಿಯೋದಿಂದ ಬರುವ ಸಂಕೇತದ ತಂತಿಗಳನ್ನು ಕಾರಿನ ಇನ್ನೊಂದು ಬದಿಯಲ್ಲಿ ಎಳೆದ. ಎರಡೂ ಜೊತೆಯಾಗಿ ಹೋದರೆ ಎಂಜಿನ್ ವೇಗಕ್ಕೆ ತಕ್ಕಂತೆ ಏರಿಳಿಯುವ ‘ಕುಂಯ್’ ಸದ್ದು ಹಾಡಿನಲ್ಲಿ ಸೇರಿಕೊಳ್ಳುವುದುಂಟು. ಆಂಪ್ಲಿಫೈಯರನ್ನು ಎಚ್ಚರಿಸುವ ಸಪೂರ ತಂತಿಯನ್ನು, ಸಾಮಾನ್ಯವಾಗಿ ನೀಲಿ ಅಥವಾ ನೀಲಿ-ಬಿಳಿ ಬಣ್ಣದ್ದು, ಸ್ಟೀರಿಯೋದಿಂದಲೇ ತಂದ. ಅದನ್ನು ನೇರವಾಗಿ ಬ್ಯಾಟರಿಗೆ ಕೊಟ್ಟರೆ ಆಂಪ್ಲಿಫೈಯರ್ ಹಗಲಿರುಳೂ ಎಚ್ಚರವಿದ್ದು ಬ್ಯಾಟರಿಯನ್ನು ಬರಿದು ಮಾಡುತ್ತದೆ.

ಆಂಪ್ಲಿಫೈಯರಿಗೆ ತಂತಿ ಜೋಡಿಸುವ ಮೊದಲು, ಫ್ಯೂಸ್ ಹಾಕದೆ, ಧನ ತಂತಿಗೂ ಬಾಡಿಗೂ ನಡುವೆ ಮಲ್ಟಿಮೀಟರ್ ಹಿಡಿದು ಎಲ್ಲಿಯೂ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡ. ಆಮೇಲೆ ಆಂಪ್ಲಿಫೈಯರ್, ಆಮೇಲೆ ಬ್ಯಾಟರಿಯ ಋಣ, ಕಟ್ಟಕಡೆಗೆ ಫ್ಯೂಸ್. ಹಾಡು ಹಾಕಿ ಮತ್ತೆ ಅಳೆದ. ಬ್ಯಾಟರಿಯಲ್ಲಿ 13.9, ಡಿಕ್ಕಿಯಲ್ಲಿ 13.7. ಹಾಡು ಕಡಿಯಲಿಲ್ಲ. ಅರ್ಧ ಗಂಟೆ ಬಿಟ್ಟು ಫ್ಯೂಸ್ ಹೋಲ್ಡರನ್ನೂ ಪ್ರತಿ ಜೋಡಣೆಯನ್ನೂ ಮುಟ್ಟಿ ನೋಡಿದ. ತಣ್ಣಗಿದ್ದವು.

ಇನ್ನೆರಡು ಮಾತು ಸೇರಿಸಬೇಕು. ಬೀಟಿಗೆ ತಕ್ಕಂತೆ ಹೆಡ್‌ಲೈಟ್ ಮಿಣುಗುಟ್ಟುತ್ತಿದ್ದರೆ ಅದು ಈ ತಂತಿಯೊಂದರ ದೋಷವಲ್ಲ. ಆಲ್ಟರ್ನೇಟರ್ ಕೊಡುವುದಕ್ಕಿಂತ ಹೆಚ್ಚನ್ನು ನೀವು ಕೇಳುತ್ತಿದ್ದೀರಿ, ಅಥವಾ ಬ್ಯಾಟರಿ ದಣಿದಿದೆ ಎಂದು ಅರ್ಥ. ದೀಪ, ಏ.ಸಿ., ವೈಪರ್ ಎಲ್ಲವೂ ಅದೇ ಆಲ್ಟರ್ನೇಟರಿನ ಮಕ್ಕಳು. ಸಣ್ಣ ಕಾರಿಗೆ ಭಾರಿ ಆಂಪ್ಲಿಫೈಯರ್ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ಇನ್ನು ವಿದ್ಯುತ್ ಕಾರು ಕೊಂಡವರಿಗೆ: ಅವುಗಳಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಆದರೆ ಜೊತೆಗೆ ನೂರಾರು ವೋಲ್ಟಿನ ಕಿತ್ತಳೆ ಬಣ್ಣದ ದಪ್ಪ ತಂತಿಗಳೂ ಇರುತ್ತವೆ. ಅಲ್ಲಿ ಒಣ ಚರ್ಮ ಕಾಪಾಡುವುದಿಲ್ಲ. ಅಂಥ ಕಾರುಗಳಿಗೆ ತಯಾರಕರ ಒಪ್ಪಿಗೆಯಿಲ್ಲದೆ ಯಾರೂ ಕೈಹಾಕಬಾರದು. ಹೊಸ ಕಾರು ಯಾವುದೇ ಇರಲಿ, ವಾರಂಟಿಯ ಕರಾರನ್ನೂ ವಿಮೆಯ ಕರಾರನ್ನೂ ಓದಿ ಮುಂದುವರಿಯುವುದು ಲೇಸು.

ಈ ಎಲ್ಲ ಲೆಕ್ಕಗಳಿಗೂ ತಳಪಾಯ ಹಾಕಿದ ಗೇಯಾರ್ಗ್ ಓಮ್ ಕೂಡ ಒಬ್ಬ ಶಾಲಾ ಮೇಷ್ಟರು ಎಂಬುದು ನನಗೆ ಯಾವಾಗಲೂ ಹೆಮ್ಮೆಯ ವಿಷಯ. ಜರ್ಮನಿಯ ಕಲೋನ್ ನಗರದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುತ್ತಲೇ ಪ್ರಯೋಗ ಮಾಡಿ, 1827ರಲ್ಲಿ ತನ್ನ ಗ್ರಂಥ ಪ್ರಕಟಿಸಿದ. ಆಗ ಅವನ ನಾಡಿನವರೇ ಅದಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟ ಮೇಲೆಯೇ ಲೋಕ ಅವನತ್ತ ತಿರುಗಿದ್ದು. ಬಿ.ಎಡ್. ಓದುವಾಗ ‘ತಿಳಿದುದರಿಂದ ತಿಳಿಯದುದರ ಕಡೆಗೆ ಒಯ್ಯಿರಿ’ ಎಂದು ನಮಗೆ ಕಲಿಸುತ್ತಿದ್ದರು. ಕಪ್ಪುಹಲಗೆಯ ಮೇಲಿನ ಓಮ್‌ನ ಸೂತ್ರ ಎಲ್ಲರಿಗೂ ತಿಳಿದದ್ದು. ತಗಡಿನ ಗೋಡೆಯಲ್ಲಿ ಸವೆಯುತ್ತಿದ್ದ ತಂತಿ ಕಾರಿನಲ್ಲಿ ಕೂತ ಯಾರಿಗೂ ತಿಳಿಯದ್ದು. ಒಂದರಿಂದ ಇನ್ನೊಂದರ ಕಡೆಗೆ ನಮ್ಮನ್ನು ಕೈಹಿಡಿದು ನಡೆಸಿದವನು ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕೂರುತ್ತಿದ್ದ ಹುಡುಗ. ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸಂಬಳ ಯಾವುದಿದೆ?

ಇದನ್ನು ಓದುತ್ತಿರುವವರಲ್ಲಿ ಹಳೆಯ ಕಾರು ಕೊಂಡವರು ಅನೇಕರಿದ್ದೀರಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಾಕಿಸಿರಿ, ಊರಿನ ಅಂಗಡಿಯಲ್ಲಿ ಹಾಕಿಸಿರಿ, ಹಿಂದಿನ ಮಾಲೀಕರೇ ಹಾಕಿಸಿ ಕೊಟ್ಟಿರಲಿ, ಈ ಭಾನುವಾರ ಒಮ್ಮೆ ಬಾನೆಟ್ ತೆರೆಯಿರಿ. ಬ್ಯಾಟರಿಯ ಧನ ಧ್ರುವದಿಂದ ಹೊರಟ ದಪ್ಪ ತಂತಿಯೊಂದು ಕಂಡರೆ ಕಣ್ಣಿನಿಂದ ಅದನ್ನು ಹಿಂಬಾಲಿಸಿರಿ. ಒಂದೂವರೆ ಅಡಿಯೊಳಗೆ ಫ್ಯೂಸ್ ಸಿಕ್ಕಿತೇ? ತಗಡು ದಾಟುವಲ್ಲಿ ರಬ್ಬರ್ ಇದೆಯೇ? ಎರಡಕ್ಕೂ ‘ಹೌದು’ ಎಂಬ ಉತ್ತರ ಬಂದರೆ ಬಾನೆಟ್ ಮುಚ್ಚಿ ನಿಮಗಿಷ್ಟವಾದ ಹಾಡು ಕೇಳಿರಿ, ಅಕ್ಕಪಕ್ಕದವರ ಕಿವಿಯನ್ನೂ ನಿಮ್ಮ ಕಿವಿಯನ್ನೂ ಸ್ವಲ್ಪ ನೆನಪಿಟ್ಟುಕೊಂಡು. ಒಂದಕ್ಕಾದರೂ ‘ಇಲ್ಲ’ ಎಂಬ ಉತ್ತರ ಬಂದರೆ, ಮೊದಲು ಋಣವನ್ನೂ ಆಮೇಲೆ ಆ ತಂತಿಯನ್ನೂ ಬಿಚ್ಚಿ, ಅದರ ತುದಿಗೆ ಟೇಪ್ ಸುತ್ತಿ ಕಟ್ಟಿಟ್ಟು, ಋಣವನ್ನು ಮತ್ತೆ ಜೋಡಿಸಿ, ಬಲ್ಲವರ ಬಳಿಗೆ ಒಯ್ಯಿರಿ. ನಾಲ್ಕು ದಿನ ಹಾಡಿಲ್ಲದೆ ಪ್ರಯಾಣ ಮಾಡಿದರೆ ಯಾರೂ ಬಡವಾಗುವುದಿಲ್ಲ. ಜೊತೆಯಲ್ಲಿ ಕೂತವರೊಡನೆ ಮಾತನಾಡುವುದಕ್ಕೆ ಅದೊಂದು ಅವಕಾಶವೂ ಹೌದು.